ಹಳೆಯ ಪಾಮ್, ಪಾಕೆಟ್ ಪಿಸಿ, ಸಿಂಬಿಯನ್ ಸಾಧನಗಳಿಗೆ ಹೊಂದುವ ತಂತ್ರಾಂಶ ಹಾಕುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಪಾಮ್, ಮೈಕ್ರೋಸಾಫ್ಟ್‌ನ ಪಾಕೆಟ್ ಪಿಸಿ (ಮುಂದೆ ವಿಂಡೋಸ್ ಮೊಬೈಲ್), ನೋಕಿಯಾ ಮುಂತಾದವರ ಸಿಂಬಿಯನ್ ಫೋನ್, ಇಂಥ ಹಳೆಯ ಕೈಸಾಧನಕ್ಕೆ ಪ್ರೋಗ್ರಾಂ ಹಾಕಲು ಹೊರಟವರು ಬಹುತೇಕ ಒಂದೇ ಜಾಗದಲ್ಲಿ ಎಡವುತ್ತಾರೆ. ಫೈಲ್ ಸಿಕ್ಕಿತು, ಹಾಕಿದರು, ತೆರೆಯಲಿಲ್ಲ. ಅದೇ ಪ್ರೋಗ್ರಾಂನ ಇನ್ನೊಂದು ಪ್ರತಿ ಹುಡುಕಿ ಹಾಕಿದರು, ಅದೂ ತೆರೆಯಲಿಲ್ಲ. ಕೊನೆಗೆ ಎಲ್ಲವನ್ನೂ ಅಳಿಸುವ ಹಾರ್ಡ್ ರೀಸೆಟ್ ಮಾಡಿದರು, ಒಳಗಿದ್ದ ವಿಳಾಸ, ಟಿಪ್ಪಣಿಗಳೂ ಹೋದವು. ಪ್ರೋಗ್ರಾಂ ಕೆಟ್ಟಿರುವುದು ಅಪರೂಪ. ಅದು ಆ ಸಾಧನಕ್ಕೆಂದು ಬರೆದದ್ದೇ ಅಲ್ಲ, ಅಷ್ಟೆ.

ತಾನು ಯಾವ ಸಾಧನಕ್ಕೆ ಸೇರಿದ್ದು ಎಂಬುದು ಪ್ರತಿ ಫೈಲ್‌ನೊಳಗೂ ಬರೆದಿರುತ್ತದೆ. ಹಾಕುವ ಮುನ್ನ ಅದನ್ನು ಓದಿದರೆ ಮುಕ್ಕಾಲು ಪಾಲು ತೊಂದರೆ ಹುಟ್ಟುವುದೇ ಇಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಎರಡನೇ ಹಂತ ಬಿಟ್ಟು ಏಳನೆಯದಕ್ಕೆ ಹಾರಿದರೆ ಹಿಂದಕ್ಕೆ ಬರಲು ದಾರಿ ಇರುವುದಿಲ್ಲ.

## ಮೊದಲೇ ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು

ಸಾಧನದ ಜೊತೆ ಬಂದ ಕೇಬಲ್ ಅಥವಾ ಕ್ರೇಡಲ್ (ಸಾಧನವನ್ನು ಕೂರಿಸಿ ಕಂಪ್ಯೂಟರ್‌ಗೆ ಜೋಡಿಸುವ ಪೀಠ). ಫೈಲ್‌ನ ಬೈಟ್‌ಗಳನ್ನು ತೋರಿಸುವ ಯಾವುದಾದರೂ ಹೆಕ್ಸ್ ವ್ಯೂವರ್. ಪ್ಯಾಕ್ ಆದ ಫೈಲ್ ಬಿಡಿಸಲು 7-ಜಿಪ್. ಒಂದು ಕಾರ್ಡ್ ರೀಡರ್. 2 ಜಿಬಿ ಮೀರದ ಒಂದು ಹಳೆಯ ಕಾರ್ಡ್. 1 ಜಿಬಿ ಅಥವಾ ಅದಕ್ಕಿಂತ ಚಿಕ್ಕದಾದರೆ ಇನ್ನೂ ಒಳ್ಳೆಯದು.

ಕಂಪ್ಯೂಟರ್ ವಿಷಯದಲ್ಲಿ ಹಠ ಬೇಡ. ಪಾಮ್ ಕಂಪನಿ ಕೊಟ್ಟ ಯುಎಸ್‌ಬಿ ಡ್ರೈವರ್ 64-ಬಿಟ್ ವಿಂಡೋಸ್‌ನಲ್ಲಿ ಕೆಲಸ ಮಾಡುವುದಿಲ್ಲ. 32-ಬಿಟ್ ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದನ್ನೇ ಈ ಕೆಲಸಕ್ಕೆ ಮೀಸಲಿಡಿ. ಸಾಧನವನ್ನು ಕಂಪ್ಯೂಟರ್ ಜೊತೆ ಹೊಂದಿಸುವ, ಅಂದರೆ ಸಿಂಕ್ ಮಾಡುವ ಪ್ರೋಗ್ರಾಂಗಳಾದ ಪಾಮ್ ಡೆಸ್ಕ್‌ಟಾಪ್ (ಪಾಮ್‌ಗೆ) ಮತ್ತು ಆಕ್ಟಿವ್‌ಸಿಂಕ್ 4.5 (ಪಾಕೆಟ್ ಪಿಸಿಗೆ) ಎರಡೂ ಅದರಲ್ಲಿ ತಕರಾರಿಲ್ಲದೆ ನಡೆಯುತ್ತವೆ. ಲಿನಕ್ಸ್ ಬಳಸುವವರಿಗೆ ಪಾಮ್ ಮಟ್ಟಿಗೆ ಇದೇ ಕೆಲಸ ಮಾಡುವ ಪೈಲಟ್-ಲಿಂಕ್ ಸಾಕು.

ಬ್ಯಾಟರಿ ಪೂರ್ತಿ ತುಂಬಿರಲಿ. ಇದು ಬರೀ ಮುನ್ನೆಚ್ಚರಿಕೆಯ ಮಾತಲ್ಲ. 2004ಕ್ಕೆ ಮುಂಚಿನ ಬಹುತೇಕ ಪಾಮ್‌ಗಳು ಮತ್ತು ವಿಂಡೋಸ್ ಮೊಬೈಲ್ 5ಕ್ಕಿಂತ ಹಳೆಯ ಪಾಕೆಟ್ ಪಿಸಿಗಳು ನಿಮ್ಮ ಮಾಹಿತಿಯನ್ನು, ಹಾಕಿದ ಪ್ರೋಗ್ರಾಂಗಳನ್ನು ವಿದ್ಯುತ್ ಇರುವವರೆಗೆ ಮಾತ್ರ ಉಳಿಯುವ ರಾಮ್‌ನಲ್ಲೇ ಇಡುತ್ತವೆ. ಬ್ಯಾಟರಿ ಪೂರ್ತಿ ಇಳಿದರೆ ಎಲ್ಲವೂ ಖಾಲಿ.

## ಹಂತ 1: ಸಾಧನದ ಗುರುತನ್ನು ಸಾಧನದಿಂದಲೇ ಪಡೆಯಿರಿ

ಹಿಂಬದಿಯ ಸ್ಟಿಕ್ಕರ್ ನಂಬಿ ಕೂರಬೇಡಿ. ರೋಮ್, ಅಂದರೆ ಸಾಧನವನ್ನು ನಡೆಸುವ ಮೂಲ ತಂತ್ರಾಂಶ (ಓಎಸ್) ಇರುವ ಮೆಮೊರಿ, ಅಪ್‌ಡೇಟ್ ಆಗಿರಬಹುದು.

ಪಾಮ್: ಲಾಂಚರ್‌ನ ಆ್ಯಪ್ ಮೆನುವಿನಲ್ಲಿ ಇನ್ಫೊ ತೆರೆದು ವರ್ಷನ್ ಒತ್ತಿ. ಪಾಮ್ ಓಎಸ್ ಆವೃತ್ತಿಯನ್ನು ದಶಮಾಂಶದ ಸಮೇತ ಬರೆದುಕೊಳ್ಳಿ. 3.1 ಮತ್ತು 3.5 ನಡುವಿನ ಅಂತರ ದೊಡ್ಡದು. ಬಣ್ಣದ ಪರದೆಗೆ ಬೆಂಬಲ ಬಂದದ್ದೇ 3.5ರಲ್ಲಿ.

ಪಾಕೆಟ್ ಪಿಸಿ, ವಿಂಡೋಸ್ ಮೊಬೈಲ್: ಸ್ಟಾರ್ಟ್, ಸೆಟ್ಟಿಂಗ್ಸ್, ಸಿಸ್ಟಂ, ಅಬೌಟ್. ಇಲ್ಲಿ ಆವೃತ್ತಿಯ ಜೊತೆ ಪ್ರೊಸೆಸರ್ ಹೆಸರೂ ಇರುತ್ತದೆ. ಎರಡನ್ನೂ ಬರೆದುಕೊಳ್ಳಿ. ಎಕ್ಸ್‌ಸ್ಕೇಲ್, ಸ್ಟ್ರಾಂಗ್‌ಆರ್ಮ್, ಪಿಎಕ್ಸ್‌ಎ ಎಂದಿದ್ದರೆ ಅವೆಲ್ಲ ಆರ್ಮ್ ಎಂಬ ಪ್ರೊಸೆಸರ್ ಕುಟುಂಬದವೇ.

ಸಿಂಬಿಯನ್ ಎಸ್60 (ನೋಕಿಯಾ ಫೋನ್‌ಗಳಲ್ಲಿ ಸಿಂಬಿಯನ್ ಮೇಲೆ ಕೂತ ಮೆನು, ಪರದೆಗಳ ಪದರ): *#0000# ಒತ್ತಿದರೆ ಬರುವುದು ಫರ್ಮ್‌ವೇರ್ ಆವೃತ್ತಿ, ಎಸ್60 ಆವೃತ್ತಿಯಲ್ಲ. ಇಲ್ಲಿ ಅನೇಕರು ಮೋಸ ಹೋಗುತ್ತಾರೆ. ಮಾದರಿ ಸಂಖ್ಯೆಯಿಂದ ಆವೃತ್ತಿ ಗುರುತಿಸಿ. 7650, 3650, ಎನ್-ಗೇಜ್ ಮೊದಲ ಆವೃತ್ತಿ. 6600, 7610, 6630, 6680, ಎನ್70, ಎನ್72 ಎರಡನೆಯದು. 3250, ಎನ್73, ಎನ್80, ಇ61, ಎನ್95, ಇ63, ಇ71, ಇ72 ಮೂರನೆಯದು. 5800, ಎನ್97 ಐದನೆಯದು. ನಾಲ್ಕನೆಯದು ಎಂಬುದು ಇಲ್ಲವೇ ಇಲ್ಲ, ಹುಡುಕಬೇಡಿ.

ಸೋನಿ ಎರಿಕ್ಸನ್‌ನ ಪಿ800, ಪಿ900, ಪಿ910 ಕೂಡ ಸಿಂಬಿಯನ್ನೇ, ಆದರೆ ಅವುಗಳ ಮೇಲಿನ ಪದರ ಯುಐಕ್ಯು ಎಂಬ ಬೇರೆಯದು. ಎಸ್60 ಪ್ರೋಗ್ರಾಂಗಳು ಅಲ್ಲಿ ನಡೆಯುವುದಿಲ್ಲ, ಅಲ್ಲಿನವು ಇಲ್ಲೂ ನಡೆಯುವುದಿಲ್ಲ. ಎರಡೂ ಕಡೆ ಫೈಲ್ ಹೆಸರಿನ ಕೊನೆಗೆ ಎಸ್‌ಐಎಸ್ ಎಂದೇ ಇರುವುದರಿಂದ ಗೊಂದಲ ಹೆಚ್ಚು.

## ಹಂತ 2: ಬ್ಯಾಕಪ್, ಮತ್ತು ಬ್ಯಾಕಪ್‌ನಲ್ಲೇ ಅಡಗಿರುವ ಅಪಾಯ

ಪಾಮ್‌ನಲ್ಲಿ ಹಾಟ್‌ಸಿಂಕ್ (ಕಂಪ್ಯೂಟರ್ ಜೊತೆ ಸಿಂಕ್) ಮಾಡಿದರೆ ಎಲ್ಲವೂ ಕಂಪ್ಯೂಟರ್‌ಗೆ ಬಂತು ಎಂದುಕೊಳ್ಳಬೇಡಿ. ವಿಳಾಸ, ದಿನಚರಿಯಂಥವು ಬಿಟ್ಟರೆ, ಬ್ಯಾಕಪ್ ಬಿಟ್ (‘ಇದರ ಪ್ರತಿ ತೆಗೆ’ ಎಂಬ ಗುರುತು) ಹಚ್ಚಿದ ಫೈಲ್‌ಗಳು ಮಾತ್ರ ಬರುತ್ತವೆ. ಆ ಬಿಟ್ ಇಲ್ಲದ ಪ್ರೋಗ್ರಾಂಗಳ ಮಾಹಿತಿ ಸಾಧನದಲ್ಲೇ ಉಳಿದಿರುತ್ತದೆ. ಫೈಲ್‌ಜೆಡ್‌ನಂಥ ಫೈಲ್ ಮ್ಯಾನೇಜರ್‌ನಲ್ಲಿ ಆ ಫೈಲ್‌ಗಳಿಗೆ ಬ್ಯಾಕಪ್ ಗುರುತು ಹಾಕಿ ಮತ್ತೊಮ್ಮೆ ಸಿಂಕ್ ಮಾಡಿ.

ಇನ್ನೊಂದು ವಿಷಯ ತೀರಾ ಮುಖ್ಯ. ಪಾಮ್ ಲಾಂಚರ್‌ನಲ್ಲಿ ಒಂದು ಪ್ರೋಗ್ರಾಂ ಅಳಿಸಿದರೆ ಅದರ ಕ್ರಿಯೇಟರ್ ಐಡಿ (ಪ್ರೋಗ್ರಾಂ ಮತ್ತು ಅದರ ಮಾಹಿತಿಯನ್ನು ಜೋಡಿಸುವ ನಾಲ್ಕಕ್ಷರದ ಗುರುತು) ಹೊತ್ತ ಎಲ್ಲ ಡೇಟಾಬೇಸ್‌ಗಳೂ ಅದರ ಜೊತೆ ಅಳಿಯುತ್ತವೆ. ‘ಹಳೆಯದನ್ನು ತೆಗೆದು ಹೊಸದು ಹಾಕೋಣ’ ಎಂದು ಹೊರಟರೆ ವರ್ಷಗಳ ಲೆಕ್ಕಪತ್ರ ಒಂದೇ ಒತ್ತಿಗೆ ಹೋಗುತ್ತದೆ. ಹೊಸ ಆವೃತ್ತಿಯನ್ನು ಹಳೆಯದರ ಮೇಲೆಯೇ ಹಾಕಿ, ಮೊದಲು ಅಳಿಸಬೇಡಿ.

ಈಗ ಅಪಾಯದ ಮಾತು. ಪಾಮ್ ಓಎಸ್ 4ರ ಸಾಧನದಿಂದ 5ರ ಸಾಧನಕ್ಕೆ ಬಂದವರು ಹಳೆಯ ಬಳಕೆದಾರ ಹೆಸರಿನಲ್ಲೇ ಸಿಂಕ್ ಮಾಡುತ್ತಾರೆ. ಕಂಪ್ಯೂಟರ್‌ನ ಬ್ಯಾಕಪ್ ಫೋಲ್ಡರ್‌ನಲ್ಲಿ ಇದ್ದದ್ದೆಲ್ಲ, ಹಳೆಯ ಸೇವ್ಡ್ ಪ್ರಿಫರೆನ್ಸಸ್ ಮತ್ತು ಸಿಸ್ಟಂ ತಿದ್ದುವ ಹ್ಯಾಕ್‌ಗಳೂ ಸೇರಿ, ಹೊಸ ಸಾಧನಕ್ಕೆ ಇಳಿಯುತ್ತದೆ. ಆಮೇಲೆ ಸಾಧನ ತಾನೇ ಆರುತ್ತದೆ, ತಾನೇ ಹೊತ್ತಿಕೊಳ್ಳುತ್ತದೆ, ನಿಲ್ಲುವುದೇ ಇಲ್ಲ. ಸರಿಯಾದ ಕ್ರಮ ಹೀಗಿದೆ:

1. ಪಾಮ್ ಡೆಸ್ಕ್‌ಟಾಪ್‌ನ ನಿಮ್ಮ ಬಳಕೆದಾರ ಫೋಲ್ಡರ್‌ನೊಳಗಿನ ಬ್ಯಾಕಪ್ ಫೋಲ್ಡರ್‌ಗೆ ಬೇರೆ ಹೆಸರು ಕೊಡಿ.
2. ಹೊಸ ಸಾಧನವನ್ನು ಸಿಂಕ್ ಮಾಡಿ. ವಿಳಾಸ, ದಿನಚರಿ, ಕೆಲಸಪಟ್ಟಿ, ಟಿಪ್ಪಣಿ ಮಾತ್ರ ಬರುತ್ತವೆ.
3. ಪ್ರೋಗ್ರಾಂಗಳನ್ನು ಹಳೆಯ ಫೋಲ್ಡರ್‌ನಿಂದ ಒಂದೊಂದಾಗಿ ಹಾಕಿ ಪರೀಕ್ಷಿಸಿ.

ಹಳೆಯ ಸಾಧನವನ್ನೂ ಬಳಸುವುದಾದರೆ ಎರಡಕ್ಕೂ ಬೇರೆ ಬೇರೆ ಬಳಕೆದಾರ ಹೆಸರು ಕಡ್ಡಾಯ.

ಪಾಕೆಟ್ ಪಿಸಿಯಲ್ಲಿ ಪೂರ್ತಿ ಬ್ಯಾಕಪ್ ಅನ್ನು ಕಾರ್ಡ್‌ಗೆ ತೆಗೆಯಿರಿ. ಅದನ್ನು ಅದೇ ಮಾದರಿಗೆ, ಅದೇ ರೋಮ್ ಆವೃತ್ತಿಗೆ ಮಾತ್ರ ವಾಪಸ್ ಹಾಕಿ. ಎಸ್60ಯಲ್ಲಿ ಮೆಮೊರಿ ಕಾರ್ಡ್‌ಗೆ ಬ್ಯಾಕಪ್ ಮಾಡುವ ಆಯ್ಕೆ ಫೋನ್‌ನಲ್ಲೇ ಇದೆ.

## ಹಂತ 3: ಫೈಲ್ ಓದುವುದು

ಈ ಹಂತಕ್ಕೆ ಹತ್ತು ನಿಮಿಷ ಕೊಟ್ಟರೆ ಸಂಜೆಯ ಒದ್ದಾಟ ತಪ್ಪುತ್ತದೆ. ಹೆಕ್ಸ್ ವ್ಯೂವರ್‌ನಲ್ಲಿ ಸಾಲಿಗೆ 16 ಬೈಟ್ ಬರುವಂತೆ ಇಟ್ಟುಕೊಳ್ಳಿ. ಹೆಕ್ಸ್ ಸಂಖ್ಯೆಯೊಳಗಿನ ಮತ್ತು ಫೈಲ್‌ನೊಳಗೆ ಹುಡುಕಬೇಕಾದ ಪದಗಳ ಇಂಗ್ಲಿಷ್ ಅಕ್ಷರಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದೆ.

### ಪಾಮ್: ಪಿಆರ್‌ಸಿ ಮತ್ತು ಪಿಡಿಬಿ

ಪಾಮ್‌ನ ಪ್ರೋಗ್ರಾಂ ಫೈಲ್ ಪಿಆರ್‌ಸಿ, ಮಾಹಿತಿ ಫೈಲ್ ಪಿಡಿಬಿ. ಮೊದಲ ಎರಡು ಸಾಲುಗಳಲ್ಲಿ, ಅಂದರೆ 32 ಬೈಟ್‌ಗಳಲ್ಲಿ, ಡೇಟಾಬೇಸ್ ಹೆಸರು ಇರುತ್ತದೆ. ಸಾಧನ ನೋಡುವುದು ಈ ಒಳಗಿನ ಹೆಸರನ್ನೇ. ಕಂಪ್ಯೂಟರ್‌ನಲ್ಲಿ ಫೈಲ್‌ಗೆ ನೀವು ಕೊಟ್ಟ ಹೆಸರಿಗೆ ಅಲ್ಲಿ ಬೆಲೆಯಿಲ್ಲ. ಎರಡು ಫೈಲ್‌ಗಳ ಒಳ ಹೆಸರು ಒಂದೇ ಆಗಿದ್ದರೆ ಎರಡನೆಯದು ಮೊದಲನೆಯದನ್ನು ಅಳಿಸಿ ಕೂರುತ್ತದೆ.

ನಾಲ್ಕನೇ ಸಾಲಿನ ಕೊನೆಯ ನಾಲ್ಕು ಅಕ್ಷರ ಟೈಪ್, ಐದನೇ ಸಾಲಿನ ಮೊದಲ ನಾಲ್ಕು ಅಕ್ಷರ ಕ್ರಿಯೇಟರ್ ಐಡಿ. ಟೈಪ್ ಜಾಗದಲ್ಲಿ ‘ಎಪಿಪಿಎಲ್’ ಇದ್ದರೆ ಪ್ರೋಗ್ರಾಂ. ‘ಎಲ್ಐಬಿಆರ್’ ಇದ್ದರೆ ಅದು ಬೇರೆ ಪ್ರೋಗ್ರಾಂಗಳು ಬಳಸುವ ಲೈಬ್ರರಿ, ಹಾಕಿದರೂ ಐಕಾನ್ ಕಾಣುವುದಿಲ್ಲ. ಐಕಾನ್ ಕಾಣಲಿಲ್ಲವೆಂದು ಅದನ್ನೇ ಮೂರು ಸಲ ಹಾಕುವವರಿದ್ದಾರೆ.

ಅದರ ಕೆಳಗೆ, 78ನೇ ಬೈಟ್‌ನಿಂದ, ಸಂಪನ್ಮೂಲಗಳ ಪಟ್ಟಿ ಶುರುವಾಗುತ್ತದೆ. ಅಲ್ಲಿ ‘ಎಆರ್‌ಎಂಸಿ’ ಎಂಬ ನಾಲ್ಕು ಅಕ್ಷರ ಕಂಡರೆ ಆರ್ಮ್ ಕೋಡ್ ಸೇರಿದೆ ಎಂದು ತಿಳಿಯಿರಿ. ಅದರ ಆ ಭಾಗ ನಡೆಯಲು ಪಾಮ್ ಓಎಸ್ 5 ಬೇಕು.

### ಪಾಕೆಟ್ ಪಿಸಿ: ಕ್ಯಾಬ್ ಮತ್ತು ಇಎಕ್ಸ್‌ಇ

ಕ್ಯಾಬ್ ಎಂದರೆ ಸಾಧನದಲ್ಲೇ ಒತ್ತಿ ಹಾಕುವ ಪ್ಯಾಕೇಜ್, ಇಎಕ್ಸ್‌ಇ ಎಂದರೆ ನೇರ ನಡೆಯುವ ಪ್ರೋಗ್ರಾಂ. ಕಂಪ್ಯೂಟರ್‌ನಲ್ಲಿ ನಡೆಯುವ ಸೆಟಪ್ ಫೈಲ್ ಮಾತ್ರ ಸಿಕ್ಕಿದ್ದರೆ ಅದನ್ನು 7-ಜಿಪ್‌ನಿಂದ ಬಿಡಿಸಿ ನೋಡಿ. ಅನೇಕ ಸಲ ಒಳಗಿನ ಕ್ಯಾಬ್ ಫೈಲ್‌ಗಳು ನೇರವಾಗಿ ಸಿಗುತ್ತವೆ. ಹೆಸರಿನಲ್ಲಿ ಆರ್ಮ್, ಎಸ್‌ಎಚ್3, ಮಿಪ್ಸ್ ಎಂದು ಬೇರೆ ಬೇರೆ ಕ್ಯಾಬ್ ಇದ್ದರೆ ನಿಮ್ಮ ಪ್ರೊಸೆಸರ್‌ನದನ್ನು ಮಾತ್ರ ತೆಗೆದುಕೊಳ್ಳಿ.

ಬರೀ ಇಎಕ್ಸ್‌ಇ ಇದ್ದರೆ: ನಾಲ್ಕನೇ ಸಾಲಿನ ಕೊನೆಯ ನಾಲ್ಕು ಬೈಟ್ ಒಂದು ವಿಳಾಸ ಹೇಳುತ್ತವೆ, ಬೈಟ್‌ಗಳನ್ನು ಬಲದಿಂದ ಎಡಕ್ಕೆ ಓದಬೇಕು. ಆ ಜಾಗಕ್ಕೆ ಹೋದರೆ ‘ಪಿಇ’ ಎಂಬ ಎರಡು ಅಕ್ಷರ, ಎರಡು ಸೊನ್ನೆ ಬೈಟ್, ಅದರ ಮುಂದಿನ ಎರಡು ಬೈಟ್‌ಗಳಲ್ಲಿ ಪ್ರೊಸೆಸರ್ ಗುರುತು. ಸಿ0 01 ಅಥವಾ ಸಿ2 01 ಎಂದಿದ್ದರೆ ಆರ್ಮ್. ಎ2 01 ಎಂದರೆ ಎಸ್‌ಎಚ್3. 66 01 ಎಂದರೆ ಮಿಪ್ಸ್. 4ಸಿ 01 ಬಂದರೆ ಸಾಮಾನ್ಯವಾಗಿ ಅದು ಕಂಪ್ಯೂಟರ್‌ನ ಪ್ರೋಗ್ರಾಂ. ಇಲ್ಲೊಂದು ವಿನಾಯಿತಿ ಇದೆ. ಡಾಟ್‌ನೆಟ್ ಕಾಂಪ್ಯಾಕ್ಟ್ ಫ್ರೇಂವರ್ಕ್ ಎಂಬ ಮೈಕ್ರೋಸಾಫ್ಟ್‌ನ ಚೌಕಟ್ಟಿನಲ್ಲಿ ಬರೆದ ಪ್ರೋಗ್ರಾಂಗಳೂ 4ಸಿ 01 ಎಂದೇ ತೋರಿಸುತ್ತವೆ, ಆದರೂ ಸಾಧನದಲ್ಲಿ ನಡೆಯುತ್ತವೆ. ಫೈಲ್‌ನೊಳಗೆ ‘ಎಂಎಸ್‌ಕೋರ್‌ಇಇ’ ಎಂಬ ಪದ ಸಿಕ್ಕರೆ ಆ ಬಗೆಯದು.

### ಸಿಂಬಿಯನ್: ಎಸ್‌ಐಎಸ್

ಮೊದಲ ಸಾಲು ಸಾಕು. ಮೊದಲ ನಾಲ್ಕು ಬೈಟ್ 7ಎ 1ಎ 20 10 ಎಂದಿದ್ದರೆ ಸಿಂಬಿಯನ್ 9ರ ಪ್ಯಾಕೇಜ್, ಅಂದರೆ ಎಸ್60 ಮೂರನೇ ಆವೃತ್ತಿ ಅಥವಾ ನಂತರದ್ದು. ಒಂಬತ್ತನೇ ಬೈಟ್‌ನಿಂದ 19 04 00 10 ಎಂದಿದ್ದರೆ ಹಳೆಯ ಮಾದರಿ: ಮೊದಲ ಅಥವಾ ಎರಡನೇ ಆವೃತ್ತಿ, ಇಲ್ಲವೇ ಹಳೆಯ ಯುಐಕ್ಯು.

### ಜಾವಾ: ಜೆಎಆರ್ ಮತ್ತು ಜೆಎಡಿ

ಜೆಎಆರ್ ಎಂದರೆ ಜಿಪ್ ಫೈಲೇ, ಜೆಎಡಿ ಅದರ ವಿವರ ಬರೆದ ಚಿಕ್ಕ ಪಠ್ಯ ಫೈಲ್. ಬಿಡಿಸಿ, ಒಳಗಿನ ಮ್ಯಾನಿಫೆಸ್ಟ್ ಫೈಲ್‌ನಲ್ಲಿ ಎಂಐಡಿಪಿ ಮತ್ತು ಸಿಎಲ್‌ಡಿಸಿ (ಫೋನ್‌ಗಳ ಜಾವಾದ ಎರಡು ಮಾನದಂಡ) ಆವೃತ್ತಿ ನೋಡಿ. ಎಂಐಡಿಪಿ 2.0 ಬೇಡುವ ಪ್ರೋಗ್ರಾಂ 1.0 ಫೋನ್‌ನಲ್ಲಿ ಕೂರುವುದಿಲ್ಲ. ಜೆಎಡಿಯಲ್ಲಿ ಬರೆದಿರುವ ಗಾತ್ರ ಜೆಎಆರ್‌ನ ನಿಜವಾದ ಗಾತ್ರಕ್ಕೆ ಒಂದು ಬೈಟ್ ಕೂಡ ಹೆಚ್ಚುಕಡಿಮೆ ಇರಬಾರದು. ಜೆಎಆರ್‌ನೊಳಗೆ ಚಿತ್ರ ಬದಲಿಸಿ ಮತ್ತೆ ಜಿಪ್ ಮಾಡಿದವರು ಜೆಎಡಿಯಲ್ಲಿ ಗಾತ್ರ ತಿದ್ದಲು ಮರೆಯುತ್ತಾರೆ.

## ಹಂತ 4: ಪಾಮ್‌ನಲ್ಲಿ ದಾಟಬೇಕಾದ ಎರಡು ಗೋಡೆಗಳು

ಮೊದಲ ಗೋಡೆ, ಓಎಸ್ 4ರಿಂದ 5. 2002ರಲ್ಲಿ ಟಂಗ್‌ಸ್ಟನ್ ಟಿ ಬಂದಾಗ ಪ್ರೊಸೆಸರ್ 68ಕೆ ಡ್ರ್ಯಾಗನ್‌ಬಾಲ್‌ನಿಂದ ಆರ್ಮ್‌ಗೆ ಬದಲಾಯಿತು. ಹಳೆಯ ಪ್ರೋಗ್ರಾಂಗಳನ್ನು ಪೇಸ್ ಎಂಬ ಒಳ ಎಮ್ಯುಲೇಟರ್ (ಹಳೆಯ ಪ್ರೊಸೆಸರ್‌ನಂತೆ ನಟಿಸುವ ತಂತ್ರಾಂಶ) ನಡೆಸುತ್ತದೆ. ಓಎಸ್‌ನ ಕರೆಗಳನ್ನು ನಿಯಮದಂತೆ ಬಳಸಿದ ಪ್ರೋಗ್ರಾಂಗಳು ಪೇಸ್‌ನಲ್ಲಿ ಚೆನ್ನಾಗಿಯೇ ನಡೆಯುತ್ತವೆ. ಮುರಿದು ಬೀಳುವುದು ಮೂರು ಬಗೆಯವು. ಹ್ಯಾಕ್‌ಮಾಸ್ಟರ್ ಅಥವಾ ಎಕ್ಸ್-ಮಾಸ್ಟರ್ (ಹ್ಯಾಕ್ ನಡೆಸುವ ಪ್ರೋಗ್ರಾಂಗಳು) ಬೇಡುವ ಹ್ಯಾಕ್‌ಗಳು ಓಎಸ್ 5ರಲ್ಲಿ ನಡೆಯುವುದಿಲ್ಲ. ಸಿಸ್ಟಂ ಕರೆಗಳನ್ನು ಅವು ಹಿಡಿಯುತ್ತಿದ್ದ ದಾರಿಯೇ ಅಲ್ಲಿಲ್ಲ. ಡ್ರ್ಯಾಗನ್‌ಬಾಲ್‌ನ ರಿಜಿಸ್ಟರ್‌ಗಳನ್ನು ನೇರ ಮುಟ್ಟುವ ಆಟಗಳೂ ಇಲ್ಲಿ ಹೊರಗೆ. ಪರದೆಯ ಮೆಮೊರಿಗೆ ನೇರವಾಗಿ ಬರೆಯುವವು ತೆರೆದರೂ ಚಿತ್ರ ಚೂರಾಗಿ ಕಾಣುತ್ತದೆ. 160×160 ಎಂದು ನಂಬಿ ಬರೆದ ಸಾಲುಗಳು 320ರ ಪರದೆಯಲ್ಲಿ ಸರಿಯಾಗಿ ಕೂರುವುದಿಲ್ಲ.

ಸೋನಿ ಕ್ಲಿಯೆಯ ಓಎಸ್ 4 ಮಾದರಿಗಳಿಗೆ 320×320 ಪರದೆ ಇದ್ದರೂ ಅದನ್ನು ನಡೆಸಲು ಸೋನಿಯದೇ ಲೈಬ್ರರಿ ಇತ್ತು. ಅದನ್ನು ನಂಬಿದ ಪ್ರೋಗ್ರಾಂಗಳು ಬೇರೆ ಪಾಮ್‌ಗಳಲ್ಲಿ ಕಡಿಮೆ ಸ್ಪಷ್ಟತೆಯಲ್ಲಿ ತೆರೆಯುತ್ತವೆ, ಇಲ್ಲವೇ ತೆರೆಯುವುದೇ ಇಲ್ಲ. ‘ಹೈ-ರೆಸ್’ ಎಂಬ ಒಂದೇ ಪದ ನೋಡಿ ಮೋಸ ಹೋಗಬೇಡಿ.

ಎರಡನೇ ಗೋಡೆ, ಎನ್‌ವಿಎಫ್‌ಎಸ್, ಅಂದರೆ ವಿದ್ಯುತ್ ಇಲ್ಲದೆಯೂ ಮಾಹಿತಿ ಉಳಿಸುವ ಫೈಲ್ ವ್ಯವಸ್ಥೆ. 2004ರ ಟ್ರಿಯೊ 650 ಮತ್ತು ಟಂಗ್‌ಸ್ಟನ್ ಟಿ5ರಿಂದ ಮಾಹಿತಿ ಫ್ಲ್ಯಾಶ್‌ನಲ್ಲಿ ಉಳಿಯತೊಡಗಿತು. ಬ್ಯಾಟರಿ ಇಳಿದರೂ ಏನೂ ಹೋಗುವುದಿಲ್ಲ. ಆದರೆ ಪ್ರೋಗ್ರಾಂಗಳು ಕೆಲಸ ಮಾಡುವುದು ಕ್ಯಾಶ್ ಎಂಬ ಒಂದು ಚಿಕ್ಕ ತಾತ್ಕಾಲಿಕ ಮೆಮೊರಿಯಲ್ಲಿ. ದೊಡ್ಡ ಡೇಟಾಬೇಸ್‌ಗಳನ್ನು ಒಟ್ಟಿಗೆ ಹಿಡಿದುಕೊಳ್ಳುವ ಹಳೆಯ ಪ್ರೋಗ್ರಾಂ ಅಲ್ಲಿ ಉಸಿರುಕಟ್ಟಿ ರೀಸೆಟ್ ಮಾಡಿಸುತ್ತದೆ. ಅದೂ ಅಲ್ಲದೆ ಟ್ರಿಯೊ 650ರ ಮೊದಲ ರೋಮ್‌ನಲ್ಲಿ ಪ್ರತಿ ದಾಖಲೆಗೂ ಕನಿಷ್ಠ 512 ಬೈಟ್ ಹಿಡಿಯುತ್ತಿತ್ತು. 60 ಬೈಟ್‌ನ 2,000 ದಾಖಲೆಗಳು ಹಳೆಯ ಸಾಧನದಲ್ಲಿ ಸುಮಾರು 120 ಕೆಬಿ; ಇಲ್ಲಿ ಅವೇ ಸುಮಾರು 1,000 ಕೆಬಿ. ಹಳೆಯದರಲ್ಲಿ ಹಿಡಿದದ್ದು ಹೊಸದರಲ್ಲಿ ಏಕೆ ಹಿಡಿಯುತ್ತಿಲ್ಲ ಎಂಬ ಪ್ರಶ್ನೆಗೆ ಉತ್ತರ ಇದೇ.

ವಿಳಾಸ ಪುಸ್ತಕ ಓದುವ ಪ್ರೋಗ್ರಾಂಗಳಿಗೆ ಇನ್ನೊಂದು ತೊಡಕಿದೆ. ಟಂಗ್‌ಸ್ಟನ್ ಟಿ3, ಟಂಗ್‌ಸ್ಟನ್ ಇ ಕಾಲದಿಂದ ವಿಳಾಸ, ದಿನಚರಿಗಳಿಗೆ ಹೊಸ ಡೇಟಾಬೇಸ್‌ಗಳು ಬಂದವು. ಹಳೆಯ ಪ್ರೋಗ್ರಾಂ ಹಳೆಯ ಹೆಸರಿನದನ್ನೇ ಕೇಳುತ್ತದೆ, ಹೊಸ ಕಾಲಂಗಳು ಅದಕ್ಕೆ ಕಾಣುವುದಿಲ್ಲ. ಓದಲು ಬಳಸಿ, ತಿದ್ದಲು ಬಳಸಬೇಡಿ.

## ಹಂತ 5: ಪಾಕೆಟ್ ಪಿಸಿಯಲ್ಲಿ ಪ್ರೊಸೆಸರ್ ಮೊದಲು, ಆವೃತ್ತಿ ಆಮೇಲೆ

ಪಾಕೆಟ್ ಪಿಸಿ 2000 ಕಾಲದಲ್ಲಿ ಮೂರು ಪ್ರೊಸೆಸರ್ ಕುಟುಂಬಗಳಿದ್ದವು. ಎಚ್‌ಪಿ ಜೊರ್ನಾಡಾ 540 ಸಾಲಿನಲ್ಲಿ ಎಸ್‌ಎಚ್3, ಕ್ಯಾಸಿಯೊ ಇ-125ರಲ್ಲಿ ಮಿಪ್ಸ್, ಕಾಂಪ್ಯಾಕ್ ಐಪ್ಯಾಕ್ 3600 ಸಾಲಿನಲ್ಲಿ ಸ್ಟ್ರಾಂಗ್‌ಆರ್ಮ್. ಪರದೆ ಒಂದೇ ಥರ, ಮೆನು ಒಂದೇ ಥರ, ಒಳಗೆ ಮಾತ್ರ ಎತ್ತು ಏರಿಗೆ, ಕೋಣ ನೀರಿಗೆ. ಇಲ್ಲಿ ಪಾಮ್‌ನ ಪೇಸ್‌ನಂಥ ಸೇತುವೆ ಇಲ್ಲ. 2002ರ ಆವೃತ್ತಿಯಿಂದ ಆರ್ಮ್ ಮಾತ್ರ ಉಳಿಯಿತು. ಎಸ್‌ಎಚ್3 ಅಥವಾ ಮಿಪ್ಸ್ ಸಾಧನ ನಿಮ್ಮದಾದರೆ 2002ರ ನಂತರ ಬಂದ ಪ್ರೋಗ್ರಾಂಗಳ ಆಸೆ ಬಿಟ್ಟು, ಅದಕ್ಕೆ ಮುಂಚಿನ ಆವೃತ್ತಿಯನ್ನೇ ಹುಡುಕಿ.

ಮುಂದಿನ ಪರೀಕ್ಷೆ ರನ್‌ಟೈಮ್, ಅಂದರೆ ಪ್ರೋಗ್ರಾಂ ನಡೆಯಲು ಸಾಧನದಲ್ಲಿ ಮೊದಲೇ ಇರಬೇಕಾದ ತಂತ್ರಾಂಶ. ಡಾಟ್‌ನೆಟ್ ಕಾಂಪ್ಯಾಕ್ಟ್ ಫ್ರೇಂವರ್ಕ್ 1.0 ವಿಂಡೋಸ್ ಮೊಬೈಲ್ 2003ರ ರೋಮ್‌ನಲ್ಲೇ ಇದೆ, 2.0 ಆವೃತ್ತಿ ವಿಂಡೋಸ್ ಮೊಬೈಲ್ 6ರಲ್ಲಿದೆ. 2003 ಅಥವಾ 5ರಲ್ಲಿ 2.0 ಬೇಕಾದರೆ ಮೊದಲು ಅದನ್ನು ಹಾಕಿ, ಕಾರ್ಡ್‌ಗೆ ಬೇಡ, ಮುಖ್ಯ ಮೆಮೊರಿಗೇ. ಪಾಕೆಟ್ ಪಿಸಿ 2002ಕ್ಕೆ 2.0 ಬರುವುದೇ ಇಲ್ಲ. ಆಟಗಳು ‘ಜಿಎಕ್ಸ್’ ಡಿಎಲ್‌ಎಲ್ (ಪ್ರೋಗ್ರಾಂ ಬಳಸುವ ಲೈಬ್ರರಿ ಫೈಲ್) ಸಿಗಲಿಲ್ಲ ಎಂದರೆ ನಿಮ್ಮ ಪ್ರೊಸೆಸರ್‌ಗೆ ತಕ್ಕ ಆ ಫೈಲನ್ನು ಆಟದ ಫೋಲ್ಡರ್‌ನಲ್ಲೇ ಇಡಿ.

ಟಚ್ ಇಲ್ಲದ ವಿಂಡೋಸ್ ಸ್ಮಾರ್ಟ್‌ಫೋನ್‌ಗಳು ಬೇರೆಯೇ ಕವಲು. ವಿಂಡೋಸ್ ಮೊಬೈಲ್ 6ರಲ್ಲಿ ಇವಕ್ಕೆ ‘ಸ್ಟ್ಯಾಂಡರ್ಡ್’ ಎಂಬ ಹೆಸರು; ‘ಪ್ರೊಫೆಷನಲ್’ ಮತ್ತು ‘ಕ್ಲಾಸಿಕ್’ ಟಚ್ ಇರುವಂಥವು. ಟಚ್‌ಗೆ ಬರೆದ ಪ್ರೋಗ್ರಾಂ ಸ್ಟ್ಯಾಂಡರ್ಡ್‌ನಲ್ಲಿ ತೆರೆದರೂ ಗುಂಡಿ ಒತ್ತಲು ದಾರಿ ಇರುವುದಿಲ್ಲ.

ಪರದೆಯ ಆಕಾರವನ್ನೂ ನೋಡಿ. ಟ್ರಿಯೊ 700ಡಬ್ಲ್ಯುನಂಥ 240×240 ಚೌಕ ಪರದೆಯಲ್ಲಿ 240×320ಕ್ಕೆ ಬರೆದ ಪ್ರೋಗ್ರಾಂನ ಕೆಳಗಿನ ಕಾಲು ಭಾಗ ಕಾಣುವುದಿಲ್ಲ, ‘ಓಕೆ’ ಗುಂಡಿ ಅಲ್ಲೇ ಇರುತ್ತದೆ.

ಹಾಕುವಾಗ ನಡೆಯುವ ತಪ್ಪುಗಳಲ್ಲಿ ಎರಡು ಪದೇ ಪದೇ ಕಾಣುತ್ತವೆ. ಟುಡೇ ಎಂಬ ಮುಖಪುಟದ ಪರದೆಗೆ ಸೇರುವ ಪ್ಲಗಿನ್‌ಗಳನ್ನು ಕಾರ್ಡ್‌ಗೆ ಹಾಕುವುದು ಒಂದು. ಸಾಧನ ಎಚ್ಚರಗೊಂಡಾಗ ಕಾರ್ಡ್ ತಡವಾಗಿ ಸಿದ್ಧವಾಗುತ್ತದೆ, ಪ್ಲಗಿನ್ ಸಿಗದೆ ಪರದೆ ಹೆಪ್ಪುಗಟ್ಟುತ್ತದೆ. ಇನ್ನೊಂದು, ಇರುವ ಒಂದೇ ಕ್ಯಾಬ್ ಫೈಲನ್ನು ಸಾಧನದಲ್ಲಿ ಒತ್ತುವುದು. 2003 ಕಾಲದ ಸಾಧನಗಳು ಹಾಕಿ ಮುಗಿದ ಮೇಲೆ ಕ್ಯಾಬನ್ನು ತಾವೇ ಅಳಿಸುತ್ತವೆ. ಕಂಪ್ಯೂಟರ್‌ನಲ್ಲಿ ಪ್ರತಿ ಇಟ್ಟುಕೊಳ್ಳಿ, ಅಥವಾ ಫೈಲಿಗೆ ರೀಡ್-ಓನ್ಲಿ ಗುರುತು ಹಾಕಿ.

ಸಿಂಕ್ ಆಗದಿದ್ದರೆ ಮೊದಲು ಫೈರ್‌ವಾಲ್ ನೋಡಿ. ವಿಂಡೋಸ್ ಮೊಬೈಲ್ 5ರಿಂದ ಯುಎಸ್‌ಬಿ ಕೇಬಲ್ ಒಂದು ನೆಟ್‌ವರ್ಕ್ ಕಾರ್ಡ್‌ನಂತೆ ವರ್ತಿಸುತ್ತದೆ, ಫೈರ್‌ವಾಲ್ ಅದನ್ನು ತಡೆಯುತ್ತದೆ. ಸಾಧನದ ಸೆಟ್ಟಿಂಗ್ಸ್‌ನಲ್ಲಿ ‘ಯುಎಸ್‌ಬಿ ಟು ಪಿಸಿ’ ತೆರೆದು ಅಡ್ವಾನ್ಸ್‌ಡ್ ನೆಟ್‌ವರ್ಕ್ ಆಯ್ಕೆಯ ಗುರುತು ತೆಗೆದರೆ ಬಹಳ ಸಲ ಸರಿಹೋಗುತ್ತದೆ.

## ಹಂತ 6: ಎಸ್60ಯಲ್ಲಿ ಎರಡರಿಂದ ಮೂರಕ್ಕೆ ಸೇತುವೆ ಇಲ್ಲ

ಸಿಂಬಿಯನ್ 9.1ರಲ್ಲಿ ಪ್ರೋಗ್ರಾಂಗಳ ಬೈನರಿ ರೂಪವೂ ಬದಲಾಯಿತು, ಭದ್ರತೆಯ ಕ್ರಮವೂ ಬದಲಾಯಿತು. ಎನ್70ಯ ಎಸ್‌ಐಎಸ್ ಎನ್73ಯಲ್ಲಿ ಯಾವ ಉಪಾಯಕ್ಕೂ ಬಗ್ಗುವುದಿಲ್ಲ. ಫೈಲ್ ಹೆಸರು ಬದಲಿಸಿದರೂ ಅಷ್ಟೆ, ಡಿಜಿಟಲ್ ಸಹಿ (ಪ್ಯಾಕೇಜ್ ಯಾರದೆಂದು ಹೇಳುವ ಸರ್ಟಿಫಿಕೇಟ್ ಗುರುತು) ಹಾಕಿದರೂ ಅಷ್ಟೆ. ಹಂತ 3ರ ಬೈಟ್ ಪರೀಕ್ಷೆ ಇಲ್ಲಿ ಅಂತಿಮ ತೀರ್ಪು.

ಒಂದೇ ಬದಿಯೊಳಗೆ ದಾರಿ ಸಲೀಸು. ಎರಡನೇ ಆವೃತ್ತಿಯಲ್ಲಿ ‘ಫೋನ್‌ಗೆ ಹೊಂದದಿರಬಹುದು, ಮುಂದುವರಿಸಬೇಕೆ’ ಎಂಬ ಪ್ರಶ್ನೆ ಬಂದರೆ ಅದು ಎಚ್ಚರಿಕೆ ಮಾತ್ರ, ಮುಂದುವರಿಸಿ ನೋಡಬಹುದು. ಮೂರನೇ ಆವೃತ್ತಿಯ ಅನೇಕ ಪ್ರೋಗ್ರಾಂಗಳು ಐದನೆಯದರಲ್ಲೂ ನಡೆಯುತ್ತವೆ. ಆದರೆ ಟಚ್ ಫೋನ್‌ನಲ್ಲಿ ಬಾಣದ ಕೀಲಿಗಳಿಲ್ಲ, ಆ ಕೀಲಿಗಳನ್ನೇ ಕೇಳುವ ಪ್ರೋಗ್ರಾಂ ಅಲ್ಲಿ ಸ್ತಬ್ಧವಾಗುತ್ತದೆ.

ಮೂರನೇ ಆವೃತ್ತಿಯಲ್ಲಿ ಹಾಕುವ ಮೊದಲು ಹೀಗೆ ಮಾಡಿ:

1. ಅಪ್ಲಿಕೇಶನ್ ಮ್ಯಾನೇಜರ್‌ನ ಸೆಟ್ಟಿಂಗ್ಸ್‌ನಲ್ಲಿ ಸಾಫ್ಟ್‌ವೇರ್ ಇನ್‌ಸ್ಟಲೇಶನ್ ಅನ್ನು ‘ಆಲ್’ಗೆ, ಆನ್‌ಲೈನ್ ಸರ್ಟಿಫಿಕೇಟ್ ಚೆಕ್ ಅನ್ನು ‘ಆಫ್’ಗೆ ಇಡಿ.
2. ಸರ್ಟಿಫಿಕೇಟ್ ಅವಧಿ ಮುಗಿದಿದೆ ಎಂದರೆ ಫೋನ್‌ನ ದಿನಾಂಕವನ್ನು ಪ್ರೋಗ್ರಾಂ ಬಿಡುಗಡೆಯಾದ ದಿನದ ಸ್ವಲ್ಪ ನಂತರಕ್ಕೆ ಹಿಂದೆ ಸರಿಸಿ. ಬಿಡುಗಡೆಗಿಂತ ಹಿಂದಕ್ಕೆ ಹೋದರೆ ‘ಇನ್ನೂ ಜಾರಿಗೆ ಬಂದಿಲ್ಲ’ ಎಂದು ಮತ್ತೆ ನಿರಾಕರಿಸುತ್ತದೆ.
3. ಹಾಕಿ ಮುಗಿದ ಕೂಡಲೇ ದಿನಾಂಕ ಸರಿಪಡಿಸಿ. ಮರೆತರೆ ಅಲಾರಂ, ದಿನಚರಿಯ ನೆನಪುಗಳೆಲ್ಲ ದಾರಿ ತಪ್ಪುತ್ತವೆ.

ಪ್ಯಾಕೇಜ್‌ಗೆ ಸಹಿಯೇ ಇಲ್ಲದಿದ್ದರೆ ಸೈನ್‌ಎಸ್‌ಐಎಸ್ ಉಪಕರಣದಿಂದ ನೀವೇ ಸಹಿ ಹಾಕಬಹುದು, ಆದರೆ ಅದಕ್ಕೆ ಮಿತಿಯಿದೆ. ನೆಟ್‌ವರ್ಕ್ ಬಳಕೆ, ಬ್ಲೂಟೂತ್, ಬಳಕೆದಾರರ ಮಾಹಿತಿ ಓದುವುದು ಬರೆಯುವುದು, ಇಂಥವಕ್ಕೆ ಸ್ವಂತ ಸಹಿ ಸಾಕು. ಸಿಸ್ಟಂ ಫೋಲ್ಡರ್‌ಗೆ ಕೈ ಹಾಕುವ ಪ್ರೋಗ್ರಾಂಗೆ ಆ ಸಹಿಯಿಂದ ಅನುಮತಿ ಸಿಗುವುದಿಲ್ಲ. ಪ್ರೋಗ್ರಾಂನ ಯುಐಡಿ, ಅಂದರೆ ಅದರದೇ ಗುರುತಿನ ಸಂಖ್ಯೆ, ರಕ್ಷಿತ ಶ್ರೇಣಿಯಲ್ಲಿದ್ದರೂ ನಿರಾಕರಣೆಯೇ. ಹೆಕ್ಸ್‌ನಲ್ಲಿ 8 ಅಥವಾ ಅದಕ್ಕಿಂತ ದೊಡ್ಡ ಅಂಕಿಯಿಂದ ಶುರುವಾಗುವ ಎಂಟಂಕಿಯ ಯುಐಡಿ ಇರಬೇಕು.

ಹಳೆಯ ಆವೃತ್ತಿಯಲ್ಲಿ ಕಾರ್ಡ್‌ನ ಸಿಸ್ಟಂ ಫೋಲ್ಡರ್‌ನ ಆ್ಯಪ್ಸ್ ಒಳಗೆ ಪ್ರೋಗ್ರಾಂ ಫೋಲ್ಡರ್ ನಕಲು ಮಾಡಿದರೆ ನಡೆಯುತ್ತಿತ್ತು. ಮೂರನೆಯದರಲ್ಲಿ ಅದು ಸಾಧ್ಯವಿಲ್ಲ. ಕಾರ್ಡ್‌ನಲ್ಲಿ ಹಾಕಿದ ಪ್ರತಿ ಪ್ರೋಗ್ರಾಂನ ಹ್ಯಾಶ್ (ಫೈಲ್‌ನಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಸಂಖ್ಯೆ) ಫೋನ್‌ನ ಒಳ ಮೆಮೊರಿಯಲ್ಲಿರುತ್ತದೆ. ಕಾರ್ಡ್ ಬೇರೆ ಫೋನ್‌ಗೆ ಹಾಕಿದರೆ ಅಥವಾ ಫೋನ್ ಫಾರ್ಮ್ಯಾಟ್ ಮಾಡಿದರೆ ಹೊಂದಿಕೆ ತಪ್ಪುತ್ತದೆ, ಪ್ರೋಗ್ರಾಂಗಳನ್ನು ಮತ್ತೆ ಹಾಕಲೇಬೇಕು.

## ಹಂತ 7: ಕಾರ್ಡ್ ಸಿದ್ಧಪಡಿಸಿ, ಒಂದೊಂದಾಗಿ ಹಾಕಿ

ಕಾರ್ಡನ್ನು ಫ್ಯಾಟ್16 ಎಂಬ ಹಳೆಯ ವಿನ್ಯಾಸಕ್ಕೆ ಫಾರ್ಮ್ಯಾಟ್ ಮಾಡಿ, ಸಾಧ್ಯವಾದರೆ ಸಾಧನದಲ್ಲೇ. 4 ಜಿಬಿಯ ಎಸ್‌ಡಿಎಚ್‌ಸಿ ಕಾರ್ಡನ್ನು 2 ಜಿಬಿಗೆ ವಿಭಾಗ ಮಾಡಿದರೂ ಹಳೆಯ ಸಾಧನ ಗುರುತಿಸುವುದಿಲ್ಲ, ಕಾರ್ಡ್ ಮಾತಾಡುವ ರೀತಿಯೇ ಬೇರೆ. ನೋಕಿಯಾ 6630, 6680, ಎನ್70 ಬೇಡುವುದು ಎರಡು ವೋಲ್ಟೇಜ್‌ನ ಆರ್‌ಎಸ್-ಎಂಎಂಸಿ ಎಂಬ ಚಿಕ್ಕ ಕಾರ್ಡ್. ಆಕಾರ ಒಂದೇ ಇರುವ ಹಳೆಯ ಆರ್‌ಎಸ್-ಎಂಎಂಸಿ ಒಳಗೆ ಕೂರುತ್ತದೆ, ಕೆಲಸ ಮಾಡುವುದಿಲ್ಲ.

ಪಾಮ್‌ನಲ್ಲಿ ಕಾರ್ಡ್‌ನ ಪಾಮ್ ಫೋಲ್ಡರ್‌ನೊಳಗಿನ ಲಾಂಚರ್‌ನಲ್ಲಿಟ್ಟ ಪ್ರೋಗ್ರಾಂ ಪ್ರತಿ ಸಲ ಮುಖ್ಯ ಮೆಮೊರಿಗೆ ನಕಲಾಗಿ ನಡೆಯುತ್ತದೆ. ಹಾಗಾಗಿ 900 ಕೆಬಿ ಪ್ರೋಗ್ರಾಂಗೆ ಕನಿಷ್ಠ ಅಷ್ಟು ಖಾಲಿ ಜಾಗ ಒಳಗೆ ಬೇಕು. ಅದರ ಪಿಡಿಬಿ ಮಾಹಿತಿ ಜೊತೆಗೆ ಬರುವುದಿಲ್ಲ. ‘ಡೇಟಾಬೇಸ್ ಸಿಗಲಿಲ್ಲ’ ಎಂದರೆ ಪಿಡಿಬಿಯನ್ನು ಒಳ ಮೆಮೊರಿಗೆ ಹಾಕಿ. ಅಲಾರಂ ಕೊಡುವ, ಹಿನ್ನೆಲೆಯಲ್ಲಿ ನಡೆಯುವ ಪ್ರೋಗ್ರಾಂಗಳಿಗೆ ಕಾರ್ಡ್ ಜಾಗವಲ್ಲ.

ಪಾಮ್‌ನ ಲೆಕ್ಕ, ವಿಜ್ಞಾನ ಪ್ರೋಗ್ರಾಂಗಳಲ್ಲಿ ಹಲವಕ್ಕೆ ಮ್ಯಾಥ್‌ಲಿಬ್ ಬೇಕು. ಲೈಬ್ರರಿ ಮೊದಲು, ಪ್ರೋಗ್ರಾಂ ಆಮೇಲೆ. ಹಾಕಿದ ಮೇಲೆ ಈ ಪರೀಕ್ಷೆ ಮಾಡಿ: ತೆರೆಯಿರಿ, ಒಂದು ದಾಖಲೆ ಬರೆಯಿರಿ, ಬೇರೆ ಪ್ರೋಗ್ರಾಂಗೆ ಹೋಗಿ ಹಿಂದೆ ಬನ್ನಿ, ಸಾಧನ ಆರಿಸಿ ಹಚ್ಚಿ, ಸಾಫ್ಟ್ ರೀಸೆಟ್ (ಏನನ್ನೂ ಅಳಿಸದ ಮರುಪ್ರಾರಂಭ) ಮಾಡಿ, ಬರೆದ ದಾಖಲೆ ಇದೆಯೇ ನೋಡಿ, ಒಮ್ಮೆ ಸಿಂಕ್ ಮಾಡಿ. ಇಷ್ಟೂ ದಾಟಿದ ಮೇಲೆ ಮುಂದಿನ ಪ್ರೋಗ್ರಾಂ. ಐದು ಒಟ್ಟಿಗೆ ಹಾಕಿ ಸಾಧನ ಕೆಟ್ಟರೆ ಕಳ್ಳ ಯಾರು ಎಂದು ಹಿಡಿಯಲು ಐದು ಸಲ ರೀಸೆಟ್ ಬೇಕು.

## ಹಂತ 8: ಎಚ್ಚರಿಕೆಯ ಲಕ್ಷಣಗಳನ್ನು ಓದುವುದು

ಪಾಮ್ ಮತ್ತೆ ಮತ್ತೆ ತಾನೇ ರೀಸೆಟ್ ಆಗುತ್ತಿದ್ದರೆ ಹಾರ್ಡ್ ರೀಸೆಟ್‌ಗೆ ಕೈ ಹಾಕಬೇಡಿ. ಮೇಲಿನ ಸ್ಕ್ರೋಲ್ ಗುಂಡಿ ಒತ್ತಿ ಹಿಡಿದು, ಹಿಂಬದಿಯ ರಂಧ್ರ ಒತ್ತಿ, ಪಾಮ್ ಗುರುತು ಕಂಡ ಮೇಲೆ ಸ್ಕ್ರೋಲ್ ಬಿಡಿ. ಇದು ವಾರ್ಮ್ ರೀಸೆಟ್. ಹೊರಗಿನಿಂದ ಹಾಕಿದ ಸಿಸ್ಟಂ ಸೇರ್ಪಡೆಗಳನ್ನು ಎಬ್ಬಿಸದೆ ಸಾಧನ ಏಳುತ್ತದೆ. ಕೊನೆಗೆ ಹಾಕಿದ್ದನ್ನು ಅಳಿಸಿ, ಸಾಮಾನ್ಯ ಸಾಫ್ಟ್ ರೀಸೆಟ್ ಮಾಡಿ.

ಪ್ರೋಗ್ರಾಂ ತೆರೆದ ಕ್ಷಣವೇ ‘ಫೇಟಲ್ ಎಕ್ಸೆಪ್ಷನ್’ ಎಂಬ ದೋಷ ಸಂದೇಶ ಬಂದರೆ ಹೊಂದಾಣಿಕೆಯ ತೊಂದರೆ. ಕೆಲ ದಿನ ಚೆನ್ನಾಗಿದ್ದು ಆಮೇಲೆ ಬಂದರೆ ಅದರ ಡೇಟಾಬೇಸ್ ಕೆಟ್ಟಿದೆ ಅಥವಾ ಮೆಮೊರಿ ಸಾಲುತ್ತಿಲ್ಲ. ಈ ವ್ಯತ್ಯಾಸ ಗಮನಿಸದೆ ಪ್ರೋಗ್ರಾಂ ಬದಲಿಸುತ್ತ ಹೋದರೆ ಕೊನೆಯೇ ಇಲ್ಲ.

ಪಾಕೆಟ್ ಪಿಸಿಯಲ್ಲಿ ‘ಫೈಲ್ ಅಥವಾ ಅದರ ಒಂದು ಭಾಗ ಸಿಗಲಿಲ್ಲ’ ಎಂಬ ಸಂದೇಶ ಫೈಲ್ ಕಣ್ಣೆದುರೇ ಇದ್ದಾಗಲೂ ಬರುತ್ತದೆ. ಕಾರಣ, ಅದು ಬೇಡುವ ಡಿಎಲ್‌ಎಲ್ ಇಲ್ಲ. ಮೊದಲು ರನ್‌ಟೈಮ್ ಆವೃತ್ತಿ, ಆಮೇಲೆ ಪ್ರೋಗ್ರಾಂನ ಜೊತೆಗೆ ಬಂದ ಡಿಎಲ್‌ಎಲ್‌ಗಳ ಪ್ರೊಸೆಸರ್ ಗುರುತು ನೋಡಿ.

ಎಸ್60ಯಲ್ಲಿ ಹಾಕುವಿಕೆ ಪೂರ್ತಿಯಾಗಿ, ಐಕಾನ್ ಒತ್ತಿದರೆ ಏನೂ ಆಗದಿದ್ದರೆ ಪಿಐಪಿಎಸ್ ಅಥವಾ ಓಪನ್ ಸಿ ಲೈಬ್ರರಿ ಬಾಕಿ ಇರುವ ಸಾಧ್ಯತೆ ಹೆಚ್ಚು. ಪೈಥಾನ್‌ನಲ್ಲಿ ಬರೆದದ್ದಾದರೆ ಅದರ ರನ್‌ಟೈಮ್, ಅದೂ ಅದೇ ಆವೃತ್ತಿಯದು, ಬೇಕು.

## ಗೋಡೆ ದಾಟಲಾಗದಿದ್ದರೆ: ಎಮ್ಯುಲೇಟರ್

ಕೆಲವು ಪ್ರೋಗ್ರಾಂಗಳು ನಿಮ್ಮ ಸಾಧನಕ್ಕೆ ಬರುವುದೇ ಇಲ್ಲ. ಆಗ ಆ ಪ್ರೋಗ್ರಾಂಗಳೊಳಗಿನ ಮಾಹಿತಿ ತೆಗೆಯಲು ಎಮ್ಯುಲೇಟರ್ ಬಳಸಿ. ಪಾಮ್ ಓಎಸ್ 4ರವರೆಗೆ ಪಾಮ್ ಓಎಸ್ ಎಮ್ಯುಲೇಟರ್ ಇದೆ. ಬ್ರೌಸರ್‌ನಲ್ಲೇ ನಡೆಯುವ ಕ್ಲೌಡ್‌ಪೈಲಟ್ ಕೂಡ ಇದೆ. ನಿಮ್ಮದೇ ಸಾಧನದಿಂದ ತೆಗೆದ ರೋಮ್ ಹಾಕಿದರೆ ನಿಮ್ಮ ಸಾಧನದಂತೆಯೇ ವರ್ತಿಸುತ್ತದೆ. ಓಎಸ್ 5ಕ್ಕೆ ಬರುವ ಪಾಮ್ ಸಿಮ್ಯುಲೇಟರ್ ಬಗ್ಗೆ ಎಚ್ಚರ: ಅದು ವಿಂಡೋಸ್‌ಗೆಂದೇ ಕಟ್ಟಿದ್ದು, 68ಕೆ ಪ್ರೋಗ್ರಾಂ ನಡೆಸುತ್ತದೆ, ಆದರೆ ಪಿಆರ್‌ಸಿಯೊಳಗಿನ ಆರ್ಮ್ ಕೋಡ್ ನಡೆಸುವುದಿಲ್ಲ. ಹಂತ 3ರಲ್ಲಿ ‘ಎಆರ್‌ಎಂಸಿ’ ಕಂಡ ಫೈಲ್ ಅಲ್ಲಿ ಸೋತರೆ ಸಾಧನದಲ್ಲೂ ಸೋಲುತ್ತದೆ ಎಂದು ತೀರ್ಮಾನಿಸಬೇಡಿ.

ವಿಂಡೋಸ್ ಮೊಬೈಲ್‌ಗೆ ಮೈಕ್ರೋಸಾಫ್ಟ್‌ನ ಡಿವೈಸ್ ಎಮ್ಯುಲೇಟರ್ ಆರ್ಮ್ ಕೋಡನ್ನೇ ನಡೆಸುತ್ತದೆ, ಹೊಂದಾಣಿಕೆ ಪರೀಕ್ಷೆಗೆ ನಂಬಬಹುದು. ಎಸ್60 ಮತ್ತು ಎನ್-ಗೇಜ್‌ಗೆ ಇಕೆಎ2ಎಲ್1, ಜಾವಾ ಪ್ರೋಗ್ರಾಂಗಳಿಗೆ ಆಂಡ್ರಾಯ್ಡ್‌ನಲ್ಲಿ ಜೆ2ಎಂಇ ಲೋಡರ್. ಇವುಗಳಲ್ಲಿ ಮೊದಲು ಮಾಡಬೇಕಾದ ಕೆಲಸ ಪ್ರೋಗ್ರಾಂನ ಎಕ್ಸ್‌ಪೋರ್ಟ್ ಮೆನು ಹುಡುಕಿ, ದಾಖಲೆಗಳನ್ನು ಸಾದಾ ಪಠ್ಯಕ್ಕೆ ಇಳಿಸಿ ಕಂಪ್ಯೂಟರ್‌ನಲ್ಲಿ ಉಳಿಸುವುದು.